ಲ್ಯಾಪ್‌ಟಾಪ್‌ಗೂ ಒಬ್ಬ ‘ಗವರ್ನರ್’ ಇದ್ದಾನೆ, ನೇಮಕ ಮಾತ್ರ ನಿಮ್ಮ ಕೈಯಲ್ಲಿ

ಕರೆಂಟ್ ಹೋಗಿ ಒಂದು ಗಂಟೆಯಾಗಿತ್ತು. ಕಳಿಸಬೇಕಿದ್ದ ವರದಿ ಇನ್ನೂ ಅರ್ಧ ಬಾಕಿ. ನನ್ನ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನ ಬ್ಯಾಟರಿ ಆಗಲೇ ಕೆಂಪಾಗಿತ್ತು, ಫ್ಯಾನ್ ಮಾತ್ರ ಜೋರಾಗಿ ತಿರುಗ್ತಾನೇ ಇತ್ತು. ನಾನು ಮಾಡ್ತಿದ್ದದ್ದು ಬರೀ ಟೈಪಿಂಗ್. ಅಷ್ಟಕ್ಕೇ ಇಷ್ಟೊಂದು ಆರ್ಭಟ ಯಾಕೆ ಅಂತ ನೋಡಿದರೆ ತಪ್ಪು ನನ್ನದೇ. ಹಿಂದೊಮ್ಮೆ ವಿಡಿಯೋ ಎಡಿಟ್ ಮಾಡುವಾಗ ಲಿನಕ್ಸ್‌ನ ‘ಗವರ್ನರ್’ ಅನ್ನು ‘ಪರ್ಫಾರ್ಮೆನ್ಸ್’ಗೆ ಹಾಕಿ ಮರೆತುಬಿಟ್ಟಿದ್ದೆ.

ಈ ಗವರ್ನರ್ ಮಸೂದೆ ತಡೆಹಿಡಿಯುವವರಲ್ಲ! ಪ್ರೊಸೆಸರ್ ಯಾವಾಗ ಎಷ್ಟು ವೇಗದಲ್ಲಿ ಓಡಬೇಕು ಎಂದು ತೀರ್ಮಾನಿಸುವ ನಿಯಮಕ್ಕೆ ಲಿನಕ್ಸ್‌ನಲ್ಲಿ ಇರುವ ಹೆಸರು ಇದು. ‘ಪರ್ಫಾರ್ಮೆನ್ಸ್’ ಸದಾ ಗರಿಷ್ಠ ವೇಗದ ಕಡೆಗೇ ವಾಲುತ್ತದೆ. 2016ರಲ್ಲಿ ಕರ್ನಲ್ 4.7ರ ಜೊತೆ ಬಂದ ‘ಷೆಡ್‌ಯುಟಿಲ್’ ಕೆಲಸದ ಹೊರೆ ನೋಡಿಕೊಂಡು ವೇಗವನ್ನು ಏರಿಳಿಸುತ್ತದೆ. ‘ಪವರ್‌ಸೇವ್’ ಕನಿಷ್ಠ ವೇಗಕ್ಕೆ ಕಟ್ಟಿಹಾಕುತ್ತದೆ. ಆದರೆ ಇಂಟೆಲ್‌ನ ಹೊಸ ಡ್ರೈವರ್ ಇರುವ ಯಂತ್ರಗಳಲ್ಲಿ ಅದೇ ‘ಪವರ್‌ಸೇವ್’ ಅಗತ್ಯ ಬಿದ್ದಾಗ ವೇಗ ಹೆಚ್ಚಿಸಿಕೊಳ್ಳುತ್ತದೆ. ಹಾಗಾಗಿ ಹೆಸರು ನೋಡಿ ಗಾಬರಿಯಾಗಬೇಡಿ.

ಉಳಿತಾಯದ ಲೆಕ್ಕ

ವೇಗ ತಗ್ಗಿದರೆ ಪ್ರೊಸೆಸರ್‌ಗೆ ಕೊಡುವ ವೋಲ್ಟೇಜನ್ನೂ ತಗ್ಗಿಸಬಹುದು. ಅಸಲಿ ಲಾಭ ಇರೋದು ಇಲ್ಲೇ. ಯಾಕಂದ್ರೆ ವಿದ್ಯುತ್ ಬಳಕೆ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. ಒಂದು ಉದಾಹರಣೆ: ವೋಲ್ಟೇಜ್ 1.2ರಿಂದ 0.9ಕ್ಕೂ, ವೇಗ 3 ಗಿಗಾಹರ್ಟ್ಸ್‌ನಿಂದ 1.5ಕ್ಕೂ ಇಳಿಯಿತು ಎಂದುಕೊಳ್ಳಿ. ಆಗ ಪ್ರೊಸೆಸರ್ ಕೆಲಸಕ್ಕೆ ಬಳಸುವ ವಿದ್ಯುತ್ ಸುಮಾರು ಶೇ. 28ಕ್ಕೆ ಕುಸಿಯುತ್ತದೆ. ಕೆಲಸ ಮುಗಿಯಲು ಎರಡು ಪಟ್ಟು ಸಮಯ ಹಿಡಿದರೂ ಒಟ್ಟು ಖರ್ಚು ಶೇ. 56ರಷ್ಟೇ.

ಹಾಗಂತ ಯಾವಾಗಲೂ ನಿಧಾನವೇ ಪ್ರಧಾನ ಅಂತಲ್ಲ. ಆ ಎರಡು ಪಟ್ಟು ಸಮಯದಲ್ಲಿ ಸ್ಕ್ರೀನ್, ವೈಫೈ, ಮೆಮೊರಿ ಕೂಡ ಕರೆಂಟ್ ತಿನ್ನುತ್ತಲೇ ಇರುತ್ತವೆ. ಕೆಲವೊಮ್ಮೆ ಬೇಗ ಕೆಲಸ ಮುಗಿಸಿ ನಿದ್ದೆಗೆ ಜಾರುವ ಪ್ರೊಸೆಸರೇ ಮಿತವ್ಯಯಿ. ಅದಕ್ಕೇ ಕನಿಷ್ಠ ವೇಗಕ್ಕೆ ಕಟ್ಟಿಹಾಕೋದಕ್ಕಿಂತ ಹೊರೆ ನೋಡಿ ಬದಲಾಗುವ ನಿಯಮವೇ ಮೇಲು.

ಏನು ಮಾಡಬೇಕು?

ಗ್ನೋಮ್ ಡೆಸ್ಕ್‌ಟಾಪ್ ಇದ್ದರೆ ಬಲಮೇಲ್ತುದಿಯ ಮೆನುವಿನಲ್ಲಿ ‘ಪವರ್ ಮೋಡ್’ ಸಿಗುತ್ತದೆ. ಬ್ಯಾಟರಿಯಲ್ಲಿದ್ದಾಗ ‘ಪವರ್ ಸೇವರ್’ ಆರಿಸಿ, ಚಾರ್ಜರ್ ಹಾಕಿದಾಗ ‘ಬ್ಯಾಲೆನ್ಸ್ಡ್’ ಸಾಕು. ಕೆಡಿಇಯಲ್ಲಿ ಬ್ಯಾಟರಿ ಐಕಾನ್ ಒತ್ತಿ. ಚಾರ್ಜರ್ ತೆಗೆದಾಗ ಇದೆಲ್ಲ ತಾನಾಗಿಯೇ ಬದಲಾಗಬೇಕು, ಟರ್ಬೋ ಕೂಡ ಆಫ್ ಆಗಬೇಕು ಅಂದ್ರೆ ‘ಟಿಎಲ್‌ಪಿ’ ಹಾಕಿಕೊಳ್ಳಬಹುದು. ಆದರೆ ಅದನ್ನೂ ಪವರ್ ಮೋಡ್ ನಡೆಸುವ ಸೇವೆಯನ್ನೂ ಒಟ್ಟಿಗೆ ಓಡಿಸಬೇಡಿ, ಒಂದರ ಆದೇಶವನ್ನು ಇನ್ನೊಂದು ಅಳಿಸುತ್ತದೆ. ಎಷ್ಟು ವ್ಯಾಟ್ ಖರ್ಚಾಗ್ತಿದೆ ಅಂತ ‘ಪವರ್‌ಟಾಪ್’ನಲ್ಲಿ ನೋಡಬಹುದು. 40 ವ್ಯಾಟ್‌ಅವರ್ ಬ್ಯಾಟರಿಯ ಮೇಲೆ ಬಳಕೆ 10 ವ್ಯಾಟ್‌ನಿಂದ 8ಕ್ಕೆ ಇಳಿದರೆ 4 ಗಂಟೆ 5 ಆಗುತ್ತದೆ. ಸ್ಕ್ರೀನ್ ಬೆಳಕನ್ನೂ ತಗ್ಗಿಸಿ, ಅದೂ ಸಣ್ಣ ಖರ್ಚಲ್ಲ.

ಇದು ರಾಜಕೀಯವೂ ಹೌದು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ಚೆನ್ನಾಗಿ ಓಡುತ್ತಿರುವ ಎಷ್ಟೋ ಲ್ಯಾಪ್‌ಟಾಪ್‌ಗಳು ವಿಂಡೋಸ್ 11ರ ಷರತ್ತುಗಳಿಗೆ ಹೊಂದುವುದಿಲ್ಲ. ಹೊಸದು ಕೊಳ್ಳಿ ಅನ್ನೋದು ಮಾರುಕಟ್ಟೆಯ ಉತ್ತರ. ಸ್ಕಾಲರ್‌ಶಿಪ್ ದುಡ್ಡಲ್ಲಿ ಓದುವವರಿಗೆ ಅದು ಉತ್ತರವೇ ಅಲ್ಲ. ಮುಕ್ತ ತಂತ್ರಾಂಶದಲ್ಲಿ ಯಂತ್ರ ಪಾಲಿಸುವ ನಿಯಮವನ್ನು ಓದಬಹುದು, ಪ್ರಶ್ನಿಸಬಹುದು, ಬದಲಿಸಲೂಬಹುದು. ಕಾಸು ಕೊಟ್ಟು ಕೊಂಡ ಯಂತ್ರದ ಮೇಲೆ ಇಷ್ಟು ಹಕ್ಕಾದರೂ ನಮಗೆ ಬೇಡವೇ?

ಈಗಲೇ ಚಾರ್ಜರ್ ತೆಗೆದು ನೋಡಿ, ನಿಮ್ಮ ಗವರ್ನರ್ ಯಾರು?