ನೌಕಾಸಂಚಾರ ಮತ್ತು ಕಡಲ ಜೀವಿಗಳ ರಕ್ಷಣೆ: ನ್ಯೂಜಿಲೆಂಡಿನ ಎರಡು ಆಜ್ಞೆಗಳು

ರಾಜ್ಯಶಾಸನಗಳು ಬಹುಮಟ್ಟಿಗೆ ಮನುಷ್ಯರ ಆಸ್ತಿ, ತೆರಿಗೆ, ದಂಡಗಳಿಗೆ ಸಂಬಂಧಿಸಿದವು. ಒಂದು ಜಲಚರದ ಪ್ರಾಣರಕ್ಷಣೆಗಾಗಿ ಆಜ್ಞೆ ಹೊರಟ ಪ್ರಸಂಗಗಳು ವಿರಳ. ನ್ಯೂಜಿಲೆಂಡಿನ ಚರಿತ್ರೆಯಲ್ಲಿ ಅಂಥ ಎರಡು ಪ್ರಸಂಗಗಳಿವೆ. ಅವುಗಳನ್ನು ಅನಂತರದ ನಿಯಮಗಳೊಡನೆ ಹೋಲಿಸಿದಲ್ಲಿ, ಕಡಲ ಪ್ರಾಣಿಗೆ ಅಪಾಯವೊದಗುವುದು ಯಾವುದರಿಂದ ಎಂಬ ತಿಳಿವಳಿಕೆ ಹೇಗೆ ಬೆಳೆಯಿತೆಂಬುದನ್ನು ನಾವು ಕಾಣಬಹುದು.

ದಕ್ಷಿಣ ದ್ವೀಪದ ಉತ್ತರ ತುದಿಯಲ್ಲಿ ಫ್ರೆಂಚ್ ಪಾಸ್ ಎಂಬ ಇಕ್ಕಟ್ಟಾದ ಜಲಮಾರ್ಗವುಂಟು. ಅದರ ಸಮೀಪದಲ್ಲಿ 1888ರಿಂದ 1912ರವರೆಗೆ ರಿಸ್ಸೋ ಜಾತಿಯ ಡಾಲ್ಫಿನ್ ಒಂದು ಹಡಗುಗಳ ಜೊತೆಯಲ್ಲಿ ಈಜುತ್ತಿತ್ತು. ನಾವಿಕರು ಅದನ್ನು ಪೆಲೋರಸ್ ಜ್ಯಾಕ್ ಎಂದು ಕರೆದರು. ಅದು ಹಡಗುಗಳಿಗೆ ದಾರಿ ತೋರುತ್ತಿತ್ತೆಂಬುದು ಜನರ ನಂಬಿಕೆ. ಹಡಗಿನ ಮುಂಭಾಗ ಎಬ್ಬಿಸುವ ಅಲೆಯನ್ನೇರಿ ಸಾಗುವುದು ಡಾಲ್ಫಿನ್‌ಗಳ ಸ್ವಭಾವವಾದುದರಿಂದ ಬೇರೆ ಅದ್ಭುತ ಕಾರಣವನ್ನು ನಾವು ಕಲ್ಪಿಸಬೇಕಾಗಿಲ್ಲ. ಹಡಗೊಂದರಿಂದ ಯಾರೋ ಅದರತ್ತ ಗುಂಡು ಹಾರಿಸಿದರೆಂಬ ಪ್ರತೀತಿ ಹಬ್ಬಿತು. 1904ರ ಸೆಪ್ಟೆಂಬರ್ 26ರಂದು ಸರ್ಕಾರ ಆಜ್ಞೆ ಹೊರಡಿಸಿತು. ಅದರಲ್ಲಿ ಜ್ಯಾಕನ ಹೆಸರಿಲ್ಲ. ಕುಕ್ ಜಲಸಂಧಿಯಲ್ಲಿ ರಿಸ್ಸೋ ಡಾಲ್ಫಿನ್‌ಗಳನ್ನು ಹಿಡಿಯಬಾರದೆಂದಿದೆ. ತಪ್ಪಿದವರಿಗೆ 5ರಿಂದ 100 ಪೌಂಡುಗಳವರೆಗೆ ದಂಡ.

ಅರ್ಧ ಶತಮಾನದ ತರುವಾಯ, 1955–56ರ ಬೇಸಗೆಯಲ್ಲಿ, ಉತ್ತರ ದ್ವೀಪದ ಓಪೊನೊನಿ ಎಂಬ ಹಳ್ಳಿಯ ಕಡಲಂಚಿಗೆ ಇನ್ನೊಂದು ಡಾಲ್ಫಿನ್ ಬಂದಿತು. ದೋಣಿಗಳನ್ನು ಹಿಂಬಾಲಿಸುತ್ತ, ಮಕ್ಕಳೊಡನೆ ಚೆಂಡಾಡುತ್ತ ಅದು ಓಪೊ ಎಂದು ಹೆಸರಾಯಿತು. ನೋಡಲು ಸಹಸ್ರಾರು ಜನ ನೆರೆದರು. ಅದಕ್ಕೆ ರಕ್ಷಣೆ ನೀಡುವ ಆಜ್ಞೆ 1956ರ ಮಾರ್ಚ್ 8ರ ನಡುರಾತ್ರಿ ಜಾರಿಗೆ ಬಂದಿತು. ಮರುದಿನ ಬಂಡೆಗಳ ನಡುವೆ ಓಪೊವಿನ ಕಳೇಬರ ದೊರೆಯಿತು.

ಈ ಎರಡು ಆಜ್ಞೆಗಳೂ ಹಿಂಸಕನನ್ನು ತಡೆಯಹೊರಟವು. ಅಕ್ಕರೆಯಿಂದ ಬಳಿಸಾರುವವನ ದೋಣಿಯೂ ಬಾಧಕವಾಗಬಹುದೆಂಬ ವಿಚಾರ ಬಲಗೊಂಡದ್ದು ಅನಂತರ. 1978ರಲ್ಲಿ ಕಡಲ ಸಸ್ತನಿಗಳ ರಕ್ಷಣಾ ಕಾಯಿದೆ ಬಂದಿತು. 1992ರ ನಿಯಮಗಳು ದೋಣಿ ನಡೆಸುವ ರೀತಿಯನ್ನೇ ವಿಧಿಸಿದವು: ಡಾಲ್ಫಿನ್‌ಗಳಿಂದ 300 ಮೀಟರಿನೊಳಗೆ ಮೂರಕ್ಕಿಂತ ಹೆಚ್ಚು ನೌಕೆಗಳಿರಕೂಡದು, ಅಲೆಯೆಬ್ಬಿಸದಂತೆ ಮೆಲ್ಲನೆ ಸಾಗಬೇಕು, ಹಿಂಡನ್ನು ಸೀಳಿ ಹೋಗಬಾರದು. ತಿರುಗುವ ಯಂತ್ರದ ಅಲಗು ಮೈಯನ್ನು ಸೀಳುತ್ತದೆ. ಅದು ತಾಕದಿದ್ದರೂ, ದೋಣಿಗಳ ನಿರಂತರ ಸಾಮೀಪ್ಯದಿಂದ ಪ್ರಾಣಿಗಳ ವಿಶ್ರಾಂತಿ, ಆಹಾರಾನ್ವೇಷಣೆ, ಮರಿಗಳಿಗೆ ಹಾಲೂಡುವಿಕೆಗಳಿಗೆ ಭಂಗ ಬರುತ್ತದೆ. ದ್ವೀಪಗಳ ಕೊಲ್ಲಿಯೆಂಬಲ್ಲಿ ಡಾಲ್ಫಿನ್‌ಗಳ ಸಂಖ್ಯೆ ತೀವ್ರವಾಗಿ ಇಳಿದುದರಿಂದ 2021ರಲ್ಲಿ ಅಭಯಧಾಮವನ್ನು ಘೋಷಿಸಿ, ನೌಕೆಗಳು 400 ಮೀಟರ್ ದೂರವಿರಬೇಕೆಂದು ಗೊತ್ತುಪಡಿಸಲಾಯಿತು.

ಜ್ಯಾಕ್ ಮತ್ತು ಓಪೊ ತಾವಾಗಿ ಮನುಷ್ಯನ ಬಳಿಗೆ ಬಂದವು. ಆ ಸ್ನೇಹದ ಸ್ಮರಣೆಯೇ ಶಾಸನಗಳಿಗೆ ಮೊದಲ ಪ್ರೇರಣೆ. ಆದರೆ ಅವುಗಳ ಕುಲ ಉಳಿಯಬೇಕಾದರೆ ನಾವು ದೂರದಲ್ಲಿ ನಿಂತು ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಬೇಕೆಂಬುದೇ ಈ ಚರಿತ್ರೆಯಿಂದ ತಿಳಿಯುವ ಪಾಠ.