ಪೆಟ್ಟಿಗೆ, ಮಸೂರ, ಸುರುಳಿ

ಹಳೆಯ ಕ್ಯಾಮರಾಗಳಲ್ಲಿ ಆಸಕ್ತಿಯುಳ್ಳ ನಾಲ್ಕು ಜನ ಒಂದೆಡೆ ಸೇರಿದರೆ ಮಾತು ಮೊದಲು ಹರಿಯುವುದು ಪೆಟ್ಟಿಗೆಯ ಕಡೆಗೆ. ಲೈಕಾ ಹೆಚ್ಚೋ ಕಾಂಟ್ಯಾಕ್ಸ್ ಹೆಚ್ಚೋ, ರಾಲಿಫ್ಲೆಕ್ಸ್ ಇವೆರಡಕ್ಕೂ ಸಾಟಿಯೋ ಎಂಬ ಚರ್ಚೆ ಕಾಫಿ ಆರುವವರೆಗೂ ನಡೆಯುತ್ತದೆ. ಆಮೇಲೆ ಮಸೂರದ ಸರದಿ. ಫಿಲ್ಮಿನ ಹೆಸರು ಬರುವುದು ಎಲ್ಲಕ್ಕೂ ಕೊನೆಯಲ್ಲಿ. ಬಂದರೂ ಒಲೆಗೆ ಒಡ್ಡುವ ಸೌದೆಯ ವಿಚಾರದಂತೆ ಬಂದು ಹೋಗುತ್ತದೆ. ಬಹುಕಾಲ ನನ್ನ ಎಣಿಕೆಯೂ ಇದೇ ಆಗಿತ್ತು. ಈ ಕ್ರಮ ತಲೆಕೆಳಗಾದುದೆಂದು ನನಗೆ ತಿಳಿಸಿಕೊಟ್ಟದ್ದು ನನ್ನ ಅಣ್ಣನ ಟ್ರಂಕಿನಲ್ಲಿ ಸಿಕ್ಕಿದ ಒಂದು ಸುರುಳಿ. ಅದರ ಸಂಗತಿಯನ್ನು ಕೊನೆಯಲ್ಲಿ ಅರಿಕೆ ಮಾಡುತ್ತೇನೆ. ಮೊದಲು ಚರಿತ್ರೆಯ ಕಡೆ ನೋಡೋಣ.

ಜರ್ಮನಿಯ ವೆಟ್ಸ್‌ಲರ್ ಪಟ್ಟಣದ ಲೈಟ್ಸ್ ಕಾರ್ಖಾನೆ ಸೂಕ್ಷ್ಮದರ್ಶಕಗಳಿಗೆ ಹೆಸರಾದುದು. ಅಲ್ಲಿ ಕೆಲಸದಲ್ಲಿದ್ದ ಆಸ್ಕರ್ ಬರ್ನಾಕ್ ಚಿತ್ರ ತೆಗೆಯುವ ಹವ್ಯಾಸಿ. ಆದರೆ ಉಬ್ಬಸದ ರೋಗಿ. ಗಾಜಿನ ಫಲಕಗಳನ್ನು ತುಂಬಿದ ಭಾರವಾದ ಕ್ಯಾಮರಾವನ್ನು ಹೊತ್ತು ಗುಡ್ಡ ಹತ್ತುವುದು ಆತನಿಂದ ಆಗದ ಮಾತು. ಚಲನಚಿತ್ರಗಳಿಗೆ ಬಳಸುತ್ತಿದ್ದ 35 ಮಿಲಿಮೀಟರ್ ಅಗಲದ ಫಿಲ್ಮು ಆತನ ಕಣ್ಣಿಗೆ ಬಿತ್ತು. ಅದರ ಒಂದು ಚೌಕಟ್ಟು 18ಕ್ಕೆ 24 ಮಿಲಿಮೀಟರ್. ಅಂಥ ಎರಡನ್ನು ಸೇರಿಸಿ 24ಕ್ಕೆ 36 ಮಾಡಿ, ಅದರ ಅಳತೆಗೆ ತಕ್ಕ ಪುಟ್ಟ ಪೆಟ್ಟಿಗೆಯನ್ನು ಆತ 1913-14ರ ಸುಮಾರಿಗೆ ಕಟ್ಟಿದ. ಮಹಾಯುದ್ಧ ಅಡ್ಡ ಬಂದುದರಿಂದ ಲೈಕಾ ಜನರೆದುರಿಗೆ ಬಂದದ್ದು 1925ರ ಲೈಪ್ಸಿಗ್ ಮೇಳದಲ್ಲಿ. ಹೀಗೆ ಫಿಲ್ಮಿನ ಅಳತೆಯೇ ಈ ಪೆಟ್ಟಿಗೆಯ ಹುಟ್ಟಿಗೆ ಕಾರಣವಾಯಿತು. ಅಷ್ಟು ಚಿಕ್ಕ ನೆಗೆಟಿವನ್ನು ಹಿಗ್ಗಿಸಿದರೂ ಕೆಡದಂಥ ತೀಕ್ಷ್ಣವಾದ ಮಸೂರ ಬೇಕಾಯಿತು. ಅದನ್ನು ಒದಗಿಸಿದವನು ಮ್ಯಾಕ್ಸ್ ಬೆರೆಕ್. ಆತನ 50 ಮಿಲಿಮೀಟರಿನ ಎಲ್ಮಾರ್ ಇಂದಿಗೂ ಹವ್ಯಾಸಿಗಳಿಗೆ ಪ್ರಿಯವಾದುದು.

1929ರಲ್ಲಿ ಬಂದ ರಾಲಿಫ್ಲೆಕ್ಸಿನ ದಾರಿ ಬೇರೆ. ಅದರದು ಅಗಲವಾದ ಫಿಲ್ಮು, ಆರು ಸೆಂಟಿಮೀಟರಿನ ಚೌಕ. ಲೈಕಾದ ಚೌಕಟ್ಟಿಗಿಂತ ಸುಮಾರು ಮೂರೂವರೆ ಪಟ್ಟು ವಿಸ್ತಾರ. ಲೈಕಾದ ಸುರುಳಿಗೆ 36 ಚಿತ್ರಗಳಾದರೆ, 120ರ ಸುರುಳಿಯಲ್ಲಿ ಇದಕ್ಕೆ 12 ಮಾತ್ರ. ಲೈಕಾವನ್ನು ಕಣ್ಣಿಗೆ ಒತ್ತಿ ಹಿಡಿಯಬೇಕು. ರಾಲಿಫ್ಲೆಕ್ಸನ್ನು ಎದೆಯ ಬಳಿ ಹಿಡಿದು ತಲೆ ತಗ್ಗಿಸಬೇಕು. ಆಗ ಎದುರಿನ ವ್ಯಕ್ತಿ ಎಡಬಲ ಬದಲಾಗಿ ಗಾಜಿನ ಮೇಲೆ ಮೂಡುತ್ತಾನೆ. ಫ್ರಾನ್ಸಿನ ಕಾರ್ತಿಯೇ ಬ್ರೆಸಾನ್ ಬೀದಿಯ ಕ್ಷಣಗಳನ್ನು ಹಿಡಿಯಲು ಲೈಕಾವನ್ನು ನೆಚ್ಚಿದರು. ನಮ್ಮ ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿಯೆಂದು ಹೆಸರಾದ ಹೋಮೈ ವ್ಯಾರಾವಾಲಾ ಅವರ ಕೈಗೆ ರಾಲಿಫ್ಲೆಕ್ಸ್ ಒಗ್ಗಿತ್ತು. ಹೆಚ್ಚು ಕಡಮೆಯ ಪ್ರಶ್ನೆ ಇಲ್ಲಿ ಸಲ್ಲದು. ಚಂಪೂವಿಗೊಂದು ನಡೆ, ರಗಳೆಗೊಂದು ನಡೆ ಇದ್ದಂತೆ ಇದು.

ಮಸೂರದ ಕಥೆಯಲ್ಲಿ ಕಾಯುವಿಕೆಯ ಪ್ರಸಂಗವೊಂದಿದೆ. ಜೈಸ್ ಸಂಸ್ಥೆಯ ಪಾಲ್ ರುಡಾಲ್ಫ್ 1896ರಲ್ಲಿಯೇ ಪ್ಲಾನಾರ್ ಮಸೂರವನ್ನು ರಚಿಸಿದ್ದ. ಆದರೆ ಗಾಜು ಗಾಳಿಯನ್ನು ಸಂಧಿಸುವ ಪ್ರತಿಯೊಂದು ಮೈಯಲ್ಲಿಯೂ ನೂರಕ್ಕೆ ನಾಲ್ಕೈದು ಪಾಲು ಬೆಳಕು ಪ್ರತಿಫಲಿಸಿ ಹಿಂದಿರುಗುತ್ತದೆ. ಪ್ಲಾನಾರಿನಲ್ಲಿ ಅಂಥ ಮೈಗಳು ಎಂಟು. ಒಳಗೆ ಅಲೆದಾಡಿದ ಬೆಳಕು ಚಿತ್ರವನ್ನು ಮಸುಕುಗೊಳಿಸಿತು. ಆದ್ದರಿಂದಲೇ ಲೂಡ್ವಿಗ್ ಬರ್ಟೆಲೆ 1932ರ ಕಾಂಟ್ಯಾಕ್ಸಿಗಾಗಿ ಸೋನಾರ್ ಮಸೂರವನ್ನು ಕಟ್ಟಿದಾಗ ಗಾಜುಗಳನ್ನು ಒಂದಕ್ಕೊಂದು ಅಂಟಿಸಿ ಮೈಗಳನ್ನು ಆರಕ್ಕೆ ಇಳಿಸಿದ. 1935ರಲ್ಲಿ ಅದೇ ಸಂಸ್ಥೆಯ ಸ್ಮಾಕುಲಾ ಗಾಜಿಗೆ ಅತಿ ತೆಳುವಾದ ಲೇಪವನ್ನು ಕೊಟ್ಟು ಪ್ರತಿಫಲನವನ್ನು ತಗ್ಗಿಸುವ ಉಪಾಯವನ್ನು ಕಂಡುಹಿಡಿದ. ಆಮೇಲೆ, 1950ರ ದಶಕದಲ್ಲಿ, ಪ್ಲಾನಾರ್ ರಾಲಿಫ್ಲೆಕ್ಸಿನ ಮೇಲೆಯೇ ಮೆರೆಯಿತು. ಮಸೂರಕ್ಕೆ ಅರ್ಧ ಶತಮಾನ ಕಾಯುವ ಆಯುಸ್ಸು ಇರುತ್ತದೆ. ಫಿಲ್ಮಿಗೆ ಆ ಭಾಗ್ಯವಿಲ್ಲ.

ಬಣ್ಣದ ಫಿಲ್ಮುಗಳಲ್ಲಿ ಕೊಡಾಕ್ರೋಮಿನ ಉದಾಹರಣೆ ಇದನ್ನು ಸ್ಪಷ್ಟಪಡಿಸುತ್ತದೆ. ಅದನ್ನು ಕಂಡುಹಿಡಿದ ಮ್ಯಾನೆಸ್ ಮತ್ತು ಗೊಡೊವ್ಸ್ಕಿ ವೃತ್ತಿಯಿಂದ ಸಂಗೀತಗಾರರು. ಒಬ್ಬ ಪಿಯಾನೋ, ಇನ್ನೊಬ್ಬ ಪಿಟೀಲು. ಕತ್ತಲೆಕೋಣೆಯಲ್ಲಿ ಗಡಿಯಾರ ಕಾಣದೆ, ಬ್ರಾಮ್ಸನ ಕೃತಿಯನ್ನು ಶಿಳ್ಳೆಯಲ್ಲಿ ನುಡಿಸುತ್ತಾ ಕಾಲವನ್ನು ಅಳೆಯುತ್ತಿದ್ದರೆಂದು ಪ್ರತೀತಿ. 1935ರಲ್ಲಿ ಬಂದ ಈ ಫಿಲ್ಮಿನಲ್ಲಿ ಬಣ್ಣವೇ ಇರಲಿಲ್ಲವೆಂದರೆ ಕೇಳುವವರಿಗೆ ಆಶ್ಚರ್ಯವಾದೀತು. ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಬೇರೆ ಬೇರೆಯಾಗಿ ಗ್ರಹಿಸುವ ಬೆಳ್ಳಿಯ ಲವಣದ ಪದರಗಳಷ್ಟೇ ಅದರಲ್ಲಿದ್ದುವು. ವರ್ಣವನ್ನು ಉಂಟುಮಾಡುವ ದ್ರವ್ಯಗಳು ಸಂಸ್ಕರಣದ ಸಮಯದಲ್ಲಿ ಹೊರಗಿನಿಂದ ಬರಬೇಕು. ಓಲೆಗರಿಯ ಮೇಲೆ ಕಂಟದಿಂದ ಕೊರೆದ ಅಕ್ಷರ ಮಸಿ ಹಚ್ಚುವವರೆಗೂ ಕಣ್ಣಿಗೆ ನಿಲುಕದಿರುವಂತೆ. 1936ರ ಹೊಸ ಆಗ್ಫಾಕಲರಿನಲ್ಲಿ ಆ ದ್ರವ್ಯಗಳನ್ನು ಫಿಲ್ಮಿನೊಳಗೇ ಸೇರಿಸಿದ್ದರು. ಅದರ ಸಂಸ್ಕರಣ ಸುಲಭ. ಕೊಡಾಕ್ರೋಮಿನದು ಕಷ್ಟ, ಆದರೆ ಕತ್ತಲಲ್ಲಿಟ್ಟರೆ ಅದರ ಬಣ್ಣ ದಶಕಗಳು ಕಳೆದರೂ ಮಾಸದು. ಕಷ್ಟವಿದ್ದುದರಿಂದ ಅದು ಕೆಲವೇ ಕಾರ್ಖಾನೆಗಳ ಅಧೀನವಾಯಿತು. 2009ರಲ್ಲಿ ಅದರ ತಯಾರಿಕೆ ನಿಂತಿತು. ಕೊನೆಯದಾಗಿ ತಯಾರಾದ ಸುರುಳಿಯಲ್ಲಿ ಸ್ಟೀವ್ ಮೆಕರಿ ನ್ಯೂಯಾರ್ಕಿನಲ್ಲಿಯೂ ಭಾರತದಲ್ಲಿಯೂ ಚಿತ್ರ ತೆಗೆದು, ಅಮೆರಿಕದ ಕ್ಯಾನ್ಸಸ್ ಪ್ರಾಂತದ ಪಾರ್ಸನ್ಸ್ ಎಂಬ ಊರಿಗೆ ಒಯ್ದ. ಜಗತ್ತಿನಲ್ಲಿ ಉಳಿದಿದ್ದ ಒಂದೇ ಸಂಸ್ಕರಣಾಗಾರ ಅಲ್ಲಿದ್ದುದು. 2010ರ ಡಿಸೆಂಬರ್ 30ರ ಬಳಿಕ ಅದೂ ಸುರುಳಿಗಳನ್ನು ಸ್ವೀಕರಿಸಲಿಲ್ಲ.

ಇನ್ನು ನನ್ನ ಅಣ್ಣನ ಮಾತು. ಆತ ಹೊರದೇಶದಲ್ಲಿದ್ದ. 1985ರಲ್ಲಿ ತಂಗಿಯ ಮದುವೆಗೆ ಬಂದಾಗ ಕೊಡಾಕ್ರೋಮ್ ತುಂಬಿದ ಕ್ಯಾಮರಾ ತಂದಿದ್ದ. ಆ ಮದುವೆಯ ಮರುವರ್ಷ ನಮ್ಮ ತಾಯಿ ತೀರಿಕೊಂಡರು. ಅಣ್ಣ ಒಂದು ಸುರುಳಿಯನ್ನು ಸಂಸ್ಕರಣಕ್ಕೆ ಕಳುಹಿಸದೆ ಉಳಿಸಿಕೊಂಡಿದ್ದ. ಮರೆತನೋ, ನೋಡುವ ಧೈರ್ಯ ಬರಲಿಲ್ಲವೋ, ಕೇಳಲು ಈಗ ಆತನಿಲ್ಲ. 2013ರಲ್ಲಿ ಆತನ ಟ್ರಂಕು ನನ್ನ ಮನೆಗೆ ಬಂತು. ಕ್ಯಾಮರಾದ ಷಟರು ನಿನ್ನೆ ಕೊಂಡದ್ದರಂತೆ ಟಿಕ್ ಎಂದಿತು. ಮಸೂರದಲ್ಲಿ ಒಂದು ಗೀರಿಲ್ಲ. ಸುರುಳಿಗೆ ಮಾತ್ರ ಎರಡು ವರ್ಷ ತಡವಾಗಿತ್ತು.

ಅದನ್ನು ಕಪ್ಪು ಬಿಳುಪಾಗಿ ಸಂಸ್ಕರಿಸಬಹುದೆಂದು ಆಮೇಲೆ ತಿಳಿಯಿತು. ಬೆಳ್ಳಿ ತನ್ನ ನೆನಪನ್ನು ಬಿಟ್ಟಿರಲಿಲ್ಲ. ಅಣ್ಣನ ಮಗ ಹೊರದೇಶದಲ್ಲಿ ಆ ಕೆಲಸ ಮಾಡಿಸಿಕೊಟ್ಟ. 36ರಲ್ಲಿ ಗುರುತು ಹತ್ತಿದುವು ಐದೋ ಆರೋ. ಒಂದರಲ್ಲಿ ಅಮ್ಮ ಹಿತ್ತಿಲಿನ ತುಳಸಿಕಟ್ಟೆಯ ಬಳಿ ನಿಂತು, ಸಾಕು ಎಂಬಂತೆ ಕೈ ಅಡ್ಡ ಮಾಡಿದ್ದಾರೆ. ಮುಖ ಮಸುಕಾದರೂ ಅವರೇ. ಉಟ್ಟ ಸೀರೆ ಹಸಿರು ಎಂದು ತಂಗಿ ಹೇಳುತ್ತಾಳೆ. ನನ್ನ ನೆನಪಿನಲ್ಲಿ ಅದು ಕುಂಕುಮದ ಬಣ್ಣ. ಈ ವಿವಾದವನ್ನು ತೀರಿಸಬಲ್ಲ ಸಾಕ್ಷಿ ಅದೊಂದೇ ಸುರುಳಿಯಾಗಿತ್ತು.

ಹಳೆಯ ಕ್ಯಾಮರಾ ನಿಮ್ಮ ಮನೆಯ ಕಪಾಟಿನಲ್ಲಿಯೂ ಇದ್ದೀತು. ಅದರ ಮಸೂರವನ್ನು ಒರೆಸುವ ಮುನ್ನ ಪಕ್ಕದ ಡಬ್ಬಿಗಳನ್ನು ಒಮ್ಮೆ ನೋಡಿ. ಸುರುಳಿ ಸಿಕ್ಕರೆ, ಅದರ ಮೇಲೆ ಬರೆದ ಹೆಸರನ್ನು ಓದಿ, ಬಲ್ಲವರನ್ನು ವಿಚಾರಿಸಿ, ಈ ವಾರವೇ ಸಂಸ್ಕರಣಕ್ಕೆ ಕೊಡಿ.