ಕ್ಯಾನಬಿಡಿಯಾಲ್ ಕುರಿತ ತಪ್ಪು ತಿಳಿವಳಿಕೆಗಳು

ಕ್ಯಾನಬಿಡಿಯಾಲ್ ಅಥವಾ ಸಿಬಿಡಿ ಎಂಬುದು ಗಾಂಜಾ ಗಿಡದಲ್ಲಿ (ಕ್ಯಾನಬಿಸ್ ಸಟೈವ) ಇರುವ ಒಂದು ರಾಸಾಯನಿಕ ಸಂಯುಕ್ತ. 1940ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ರೋಜರ್ ಆಡಮ್ಸ್ ಮತ್ತು ಸಂಗಡಿಗರು ಇದನ್ನು ಬೇರ್ಪಡಿಸಿದರು. 1963ರಲ್ಲಿ ಇಸ್ರೇಲಿನ ರಾಫೆಲ್ ಮೆಶೂಲಮ್ ಮತ್ತು ಯುವಾಲ್ ಶ್ವೋ ಇದರ ರಚನೆಯನ್ನು ನಿರ್ಧರಿಸಿದರು. ಸಿಬಿಡಿಯನ್ನು ಕೆಲವರು ಗಾಂಜಾ ಎಂದೇ ಭಾವಿಸುತ್ತಾರೆ. ಇನ್ನು ಕೆಲವರು ಸರ್ವರೋಗಗಳಿಗೂ ಮದ್ದೆಂದು ನಂಬುತ್ತಾರೆ. ಇವೆರಡೂ ಸರಿಯಲ್ಲ.

ಹೆಸರುಗಳ ಗೊಂದಲ

ಇಂಗ್ಲಿಷಿನ 'ಹೆಂಪ್' ಎಂಬ ಪದಕ್ಕೆ ಕನ್ನಡದಲ್ಲಿ ಸಾಮಾನ್ಯವಾಗಿ 'ಸೆಣಬು' ಎಂದು ಅರ್ಥ ಹೇಳಲಾಗುತ್ತದೆ. ಆದರೆ ಹಸಿರೆಲೆ ಗೊಬ್ಬರಕ್ಕಾಗಿ ರೈತರು ಬಿತ್ತುವ ಸೆಣಬು ಕ್ರೋಟಲೇರಿಯ ಜುನ್ಸಿಯ ಎಂಬ ದ್ವಿದಳ ಸಸ್ಯ. ಗೋಣಿಚೀಲದ ಸೆಣಬು ಮತ್ತೊಂದು ಸಸ್ಯದ ನಾರು. ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ಜೋಳದ ರೊಟ್ಟಿಯೊಡನೆ ಪಲ್ಯವಾಗಿ ಬಳಕೆಯಲ್ಲಿರುವ ಪುಂಡಿಸೊಪ್ಪು ದಾಸವಾಳದ ಕುಲಕ್ಕೆ ಸೇರಿದ್ದು. ಪುಂಡಿಯ ಒಂದು ಪ್ರಭೇದಕ್ಕೆ ಹೈಬಿಸ್ಕಸ್ ಕ್ಯಾನಬಿನಸ್ ಎಂಬ ಹೆಸರು ಬಂದದ್ದು ಅದರ ಎಲೆ ಗಾಂಜಾ ಎಲೆಯನ್ನು ಹೋಲುವುದರಿಂದ ಮಾತ್ರ. ಈ ಮೂರೂ ಗಾಂಜಾ ಕುಲದ ಸಸ್ಯಗಳಲ್ಲ. ಸಿಬಿಡಿಯ ಮೂಲವೂ ಅಲ್ಲ.

ಗಾಂಜಾ ಗಿಡದ ಬೀಜದ ಎಣ್ಣೆಯೂ ಸಿಬಿಡಿ ಎಣ್ಣೆಯೂ ಒಂದೇ ಎಂಬುದು ಮತ್ತೊಂದು ತಪ್ಪು. ಬೀಜದಲ್ಲಿ ಸಿಬಿಡಿ ಅತ್ಯಲ್ಪ. ಅದು ಮುಖ್ಯವಾಗಿ ಹೂಗೊಂಚಲಿನ ಅಂಟಿನಲ್ಲಿರುತ್ತದೆ. 2021ರಲ್ಲಿ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು ಆಹಾರವೆಂದು ಒಪ್ಪಿದ್ದು ಬೀಜ ಮತ್ತು ಅದರ ಉತ್ಪನ್ನಗಳನ್ನು ಮಾತ್ರ.

ಸಿಬಿಡಿ ಮತ್ತು ಅಮಲು

ಗಾಂಜಾದ ಅಮಲಿಗೆ ಕಾರಣ ಟಿಎಚ್‌ಸಿ ಎಂಬ ಬೇರೊಂದು ಸಂಯುಕ್ತ. ಎರಡರ ಅಣುಸೂತ್ರವೂ ಒಂದೇ ಆಗಿದ್ದರೂ ಪರಮಾಣುಗಳ ಜೋಡಣೆ ಬೇರೆ. ಆದ್ದರಿಂದ ಮಿದುಳಿನ ಮೇಲಿನ ಪರಿಣಾಮವೂ ಬೇರೆ. ಶುದ್ಧ ಸಿಬಿಡಿ ಚಟ ಹಿಡಿಸುವ ಗುಣ ತೋರುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ 2018ರಲ್ಲಿ ಅಭಿಪ್ರಾಯಪಟ್ಟಿತು. ಆದರೆ ಗಾಂಜಾದಲ್ಲಿ ಸಿಬಿಡಿ ಇದೆಯೆಂಬ ಕಾರಣಕ್ಕೆ ಗಾಂಜಾ ಸೇದುವುದು ಔಷಧಿ ಸೇವನೆಯಾಗದು. ಅಮಲಿಗಾಗಿ ಬೆಳೆಯುವ ತಳಿಗಳಲ್ಲಿ ಸಾಮಾನ್ಯವಾಗಿ ಟಿಎಚ್‌ಸಿ ಹೆಚ್ಚು, ಸಿಬಿಡಿ ಕಡಿಮೆ.

ಚಿಕಿತ್ಸೆಯ ಮಿತಿ

ಸಿಬಿಡಿಯ ಪ್ರಯೋಜನ ದೃಢವಾಗಿ ಸಾಬೀತಾಗಿರುವುದು ಕೆಲವು ಬಗೆಯ ತೀವ್ರ ಅಪಸ್ಮಾರದಲ್ಲಿ (ಮೂರ್ಛೆರೋಗ). ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಎಪಿಡಿಯೊಲೆಕ್ಸ್ ಎಂಬ ಶುದ್ಧ ಸಿಬಿಡಿ ದ್ರಾವಣವನ್ನು 2018ರಲ್ಲಿ ಲೆನಾಕ್ಸ್–ಗಾಸ್ಟೊ ಮತ್ತು ಡ್ರಾವೆ ಲಕ್ಷಣಕೂಟಗಳಿಗೂ, 2020ರಲ್ಲಿ ಟ್ಯೂಬರಸ್ ಸ್ಕ್ಲೆರೋಸಿಸ್ ಸಂಬಂಧಿತ ಮೂರ್ಛೆಗೂ ಅನುಮೋದಿಸಿತು. ಕ್ಯಾನ್ಸರ್ ಅಥವಾ ಮಧುಮೇಹವನ್ನು ಸಿಬಿಡಿ ಗುಣಪಡಿಸುತ್ತದೆ ಎಂಬುದಕ್ಕೆ ಪುರಾವೆಯಿಲ್ಲ. ಅಪಸ್ಮಾರದ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಿ ಎಣ್ಣೆಯನ್ನು ನೆಚ್ಚಿದರೆ ಮೂರ್ಛೆ ಮರುಕಳಿಸಿ ಪ್ರಾಣಕ್ಕೇ ಅಪಾಯವಾಗಬಹುದು.

'ಗಿಡಮೂಲಿಕೆ, ಹಾನಿಯಿಲ್ಲ' ಎಂಬ ನಂಬಿಕೆ

ಸಿಬಿಡಿ ಸೇವನೆಯಿಂದ ತೂಕಡಿಕೆ, ಹಸಿವು ಕುಗ್ಗುವಿಕೆ ಮತ್ತು ಭೇದಿ ಉಂಟಾಗಬಹುದು. ಯಕೃತ್ತಿನ ಕಿಣ್ವಗಳ ಮಟ್ಟ ಏರಬಹುದು; ವಾಲ್‌ಪ್ರೊಯೇಟ್ ಸೇವಿಸುವವರಲ್ಲಿ ಈ ಅಪಾಯ ಹೆಚ್ಚು. ಕ್ಲೋಬಜಾಮ್ ಮತ್ತು ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಔಷಧಿಗಳ ಪರಿಣಾಮವನ್ನೂ ಅದು ಹೆಚ್ಚಿಸಬಲ್ಲದು. ಚೀಟಿಯಲ್ಲಿ ನಮೂದಿಸಿದ ಪ್ರಮಾಣವೂ ಸದಾ ನಂಬಲರ್ಹವಲ್ಲ. 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಅಂತರಜಾಲದಲ್ಲಿ ಕೊಂಡ 84 ಉತ್ಪನ್ನಗಳ ಪೈಕಿ 26ರಲ್ಲಿ ಮಾತ್ರ ಪ್ರಮಾಣ ಸರಿಯಾಗಿತ್ತು. 18ರಲ್ಲಿ ಟಿಎಚ್‌ಸಿ ಪತ್ತೆಯಾಯಿತು.

ಕಾನೂನು

1985ರ ಮಾದಕ ದ್ರವ್ಯ ಮತ್ತು ಮನೋಪರಿಣಾಮಕ ವಸ್ತುಗಳ ಕಾಯಿದೆಯ ವ್ಯಾಖ್ಯೆಯಲ್ಲಿ ಚರಸ್, ಗಾಂಜಾ ಹಾಗೂ ಅವುಗಳ ಮಿಶ್ರಣಗಳು ಸೇರಿವೆ. ಗಾಂಜಾ ಎಂದರೆ ಹೂವು ಅಥವಾ ಕಾಯಿ ಬಿಟ್ಟ ತುದಿಗಳು. ತುದಿಯಿಲ್ಲದೆ ಬೇರೆಯಾಗಿರುವ ಎಲೆ ಮತ್ತು ಬೀಜಗಳು ಈ ವ್ಯಾಖ್ಯೆಗೆ ಸೇರುವುದಿಲ್ಲ. ಹೀಗಾಗಿ ಒಂದು ಉತ್ಪನ್ನವನ್ನು ಗಿಡದ ಯಾವ ಭಾಗದಿಂದ ತೆಗೆಯಲಾಗಿದೆ ಎಂಬುದು ಮುಖ್ಯವಾಗುತ್ತದೆ. ವಶಪಡಿಸಿಕೊಂಡ ಭಂಗಿಯು ಗಾಂಜಾ ಅಥವಾ ಚರಸ್‌ನಿಂದ ತಯಾರಾದದ್ದೆಂದು ತೋರಿಸುವ ಆಧಾರವಿಲ್ಲವೆಂದು 2022ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಪ್ರಕರಣವೊಂದರಲ್ಲಿ ಜಾಮೀನು ನೀಡಿತು. ಇದು ಗಾಂಜಾ ಬೆಳೆಗೆ ಕೊಟ್ಟ ಅನುಮತಿಯಲ್ಲ.

ಆಯುರ್ವೇದದಲ್ಲಿ 'ವಿಜಯಾ' ಎನಿಸಿದ ಭಂಗಿಯು, ಬೀಜದ ಹೊರತು, ಔಷಧ ನಿಯಮಾವಳಿಯ ಇ(1) ಅನುಸೂಚಿಯ ವಿಷದ್ರವ್ಯಗಳ ಪಟ್ಟಿಯಲ್ಲಿದೆ. ಅದನ್ನುಳ್ಳ ಔಷಧಿಗಳನ್ನು ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸೇವಿಸಬೇಕು.

'ಔಷಧಿಗೆ ಬೇಡಿಕೆಯಿದೆ' ಎಂಬ ಮಾತು ನಂಬಿ ಜೋಳ, ಮೆಕ್ಕೆಜೋಳ ಅಥವಾ ತೊಗರಿಯ ಸಾಲುಗಳ ನಡುವೆ ಗಿಡ ಬೆಳೆಸುವುದು ಅಪರಾಧ. ಪರವಾನಗಿಯಿಲ್ಲದ ಕೃಷಿಗೆ ಕಾಯಿದೆಯ 20ನೆಯ ಪ್ರಕರಣದಡಿ 10 ವರ್ಷಗಳವರೆಗೆ ಕಠಿಣ ಸೆರೆವಾಸ ಮತ್ತು 1 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. 2018ರಲ್ಲಿ ಉತ್ತರಾಖಂಡವು ಕೈಗಾರಿಕೆಗಾಗಿ ಕಡಿಮೆ ಟಿಎಚ್‌ಸಿಯ ತಳಿ ಬೆಳೆಯಲು ಪರವಾನಗಿ ನೀಡಿತು. ಆ ಪರವಾನಗಿ ಕರ್ನಾಟಕದ ರೈತರಿಗೆ ಅನ್ವಯಿಸುವುದಿಲ್ಲ.